ಮೊದಲು ಚಿತ್ರ ನೋಡು, ಆಮೇಲೆ ರಟ್ಟು

ಮೈಸೂರು

ಚಿರಂಜೀವಿ ಸಿರಿಗೆ ನಿನ್ನ ದೊಡ್ಡಪ್ಪನ ಆಶೀರ್ವಾದಗಳು. ಇಲ್ಲಿ ನಾವೆಲ್ಲ ಕ್ಷೇಮ.

ನೀನು ಕಳಿಸಿದ ಫೋಟೋಗಳನ್ನು ಸಾವಕಾಶವಾಗಿ ನೋಡಿದೆ. 'ಹಾಬಿಟ್' ಕಾದಂಬರಿಯ ಮೂರು ಸಚಿತ್ರ ಪ್ರತಿಗಳು. ಒಂದರಲ್ಲಿ ಆ ಕಾದಂಬರಿಯ ಲೇಖಕ ಟೋಲ್ಕಿನ್ ಅವರೇ ಬರೆದ ಚಿತ್ರ, ಇನ್ನೊಂದರಲ್ಲಿ ಅಲನ್ ಲೀ, ಮತ್ತೊಂದರಲ್ಲಿ ಜೆಮಿಮಾ ಕ್ಯಾಟ್ಲಿನ್. ಯಾವುದನ್ನು ತಗೊಳ್ಳಲಿ ದೊಡ್ಡಪ್ಪಾ ಅಂತ ಕೇಳಿದ್ದೀಯ. ಫೋನಿನಲ್ಲಿ ಎರಡು ಮಾತಲ್ಲಿ ಮುಗಿಯುವ ವಿಷಯ ಅಲ್ಲ ಇದು. ಆಯಸ್ಸೆಲ್ಲ ಪ್ರೆಸ್ಸಿನಲ್ಲಿ ಕಳೆದವನು ನಾನು. ಹೇಳುವುದು ಸ್ವಲ್ಪ ಜಾಸ್ತಿಯೇ ಇದೆ. ಅದಕ್ಕೇ ಕಾಗದ ಬರೆಯುತ್ತಿದ್ದೇನೆ.

ಓದಿದ ಪುಸ್ತಕವನ್ನೇ ಮತ್ತೆ ದುಡ್ಡು ಕೊಟ್ಟು ಯಾಕೆ ಕೊಳ್ಳಬೇಕು ಅಂತ ನಿಮ್ಮಪ್ಪ ಅನ್ನುತ್ತಾನಂತೆ. ನಾನು ಹೇಳುವುದು ಅದಕ್ಕೆ ಉಲ್ಟಾ. ಸಚಿತ್ರ ಪ್ರತಿ ಕೊಳ್ಳುವುದಾದರೆ ಓದಿದ ಪುಸ್ತಕದ್ದನ್ನೇ ಕೊಳ್ಳಬೇಕು. ಮೊದಲು ಸಾಧಾರಣ ಪೇಪರ್‌ಬ್ಯಾಕ್ ತಂದು ಓದು. ಮುಗಿದ ಮೇಲೂ ಆ ಊರು, ಆ ಕಾಡು, ಆ ಜನ ನಿನ್ನನ್ನು ಬಿಡದೇ ಹೋದರೆ, ಯಾವುದೋ ಅಧ್ಯಾಯಕ್ಕೆ ಮತ್ತೆ ಮತ್ತೆ ಹೋಗಬೇಕು ಅನ್ನಿಸಿದರೆ, ಆಗ ಒಳ್ಳೆಯ ಪ್ರತಿ ಹುಡುಕು. ಓದದ ಪುಸ್ತಕದ ದುಬಾರಿ ಪ್ರತಿಯಲ್ಲಿ ಚಿತ್ರ ಚೆನ್ನಾಗಿದೆಯೋ ಇಲ್ಲವೋ ಅಂತ ನಿನಗೆ ಹೇಗೆ ಗೊತ್ತಾಗಬೇಕು? ಕಥೆ ಗೊತ್ತಿದ್ದರೆ ತಾನೇ ಚಿತ್ರಕಾರ ಅದನ್ನು ಹೇಗೆ ಓದಿದ್ದಾನೆ ಅಂತ ತಿಳಿಯುವುದು.

ಇದೇ ಮುಖ್ಯ ಸಿರಿ. ಚಿತ್ರ ಬರೆದವನು ನಿನಗಿಂತ ಮುಂಚೆ ಆ ಪುಸ್ತಕ ಓದಿದವನು. ನೀನು ಕೊಳ್ಳುತ್ತಿರುವುದು ಅವನ ಓದನ್ನು. ವಿಕ್ರಮ ಅಂದರೆ ನಮ್ಮ ಕಾಲದವರ ಕಣ್ಣಿಗೆ ಏನು ಬರುತ್ತದೆ ಹೇಳು. ಒಂದು ಕೈಯಲ್ಲಿ ಕತ್ತಿ, ಹೆಗಲ ಮೇಲೆ ಜೋತಾಡುವ ಶವ, ಸುತ್ತ ಸ್ಮಶಾನ. ಅದು 'ಚಂದಮಾಮ'ಕ್ಕೆ ಶಂಕರ್ ಬರೆದ ಚಿತ್ರ. ಕಥೆ ಎಷ್ಟೋ ಹಳೆಯದು, ಆದರೆ ನಮ್ಮ ತಲೆಯಲ್ಲಿ ಕೂತಿರುವ ವಿಕ್ರಮ ಅವರು ಕಂಡ ವಿಕ್ರಮ. ಅದೇ ಪತ್ರಿಕೆಗೆ ನಮ್ಮ ಎಂ.ಟಿ.ವಿ. ಆಚಾರ್ಯರು ಬರೆದ ಮಹಾಭಾರತದ ಮುಖಪುಟಗಳನ್ನು ನಾವು ಕತ್ತರಿಸಿ ಗೋಡೆಗೆ ಅಂಟಿಸುತ್ತಿದ್ದೆವು. ಚಿತ್ರಕಾರನಿಗೆ ಅಷ್ಟು ಶಕ್ತಿ ಇದೆ.

ನೀನು ಕೇಳಿದ 'ಹಾಬಿಟ್'ನಲ್ಲೇ ಇದಕ್ಕೆ ಒಂದು ಸೊಗಸಾದ ಉದಾಹರಣೆ ಇದೆ. 1962ರಲ್ಲಿ ಸ್ವೀಡಿಷ್ ಭಾಷೆಯ ಅನುವಾದಕ್ಕೆ ಫಿನ್ಲೆಂಡಿನ ಟೂವೆ ಯಾನ್ಸನ್ ಚಿತ್ರ ಬರೆದರು. ಕತ್ತಲ ಗುಹೆಯ ಗೊಲಮ್ ಇದ್ದಾನಲ್ಲ, ಅವನನ್ನು ಆಕೆ ದೈತ್ಯನಂತೆ ಬರೆದುಬಿಟ್ಟರು. ಕಥಾನಾಯಕ ಬಿಲ್ಬೋ ಅವನೆದುರು ಒಂದು ಹಿಡಿಯಷ್ಟು. ತಪ್ಪು ಅಂತ ಹೇಳಲೂ ಆಗುವುದಿಲ್ಲ, ಯಾಕೆಂದರೆ ಗೊಲಮ್ ಎಷ್ಟು ಎತ್ತರ ಅಂತ ಟೋಲ್ಕಿನ್ ಆ ಪುಸ್ತಕದಲ್ಲಿ ಬರೆದಿರಲೇ ಇಲ್ಲ. ಆಮೇಲೆ ಪುಸ್ತಕ ತಿದ್ದುವಾಗ ಅವನು ಸಣ್ಣ ಜೀವಿ ಅಂತ ಅವರು ಸೇರಿಸಿದರು. ಚಿತ್ರಕಾರರು ಎಷ್ಟು ಸ್ವತಂತ್ರವಾಗಿ ಓದಬಲ್ಲರು ಅನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಾ?

ಅಲನ್ ಲೀ ದಾರಿಯೇ ಬೇರೆ. 1991ರಲ್ಲಿ ಟೋಲ್ಕಿನ್ ಅವರದೇ 'ಲಾರ್ಡ್ ಆಫ್ ದಿ ರಿಂಗ್ಸ್' ಕಾದಂಬರಿಗೆ ಅವರು 50 ಜಲವರ್ಣ ಚಿತ್ರ ಬರೆದರು. ಟೋಲ್ಕಿನ್ ಹುಟ್ಟಿದ ನೂರನೇ ವರ್ಷಕ್ಕೆಂದು ಮಾಡಿದ ಪುಸ್ತಕ ಅದು. ಆ ಚಿತ್ರಗಳಲ್ಲಿ ಮಂಜು, ಬಂಡೆ, ಬೇರು, ಹಾಳುಬಿದ್ದ ಗೋಡೆ ತುಂಬಿವೆ. ಮನುಷ್ಯರು ಎಷ್ಟೋ ಸಲ ದೂರದಲ್ಲಿ ಸಣ್ಣದಾಗಿ ಕಾಣುತ್ತಾರೆ. ದೊಡ್ಡ ದೊಡ್ಡ ಘಟನೆಗಳನ್ನು ಅವರು ಬೇಕೆಂದೇ ಬಿಟ್ಟಿದ್ದಾರೆ. ಓದುವವರ ಮನಸ್ಸಿನಲ್ಲಿ ಮೂಡಿದ ಮುಖವನ್ನು ಅಳಿಸಬಾರದು ಅನ್ನುವ ಮರ್ಯಾದೆ ಅದು. ನನಗೆ ಅವರ ಮೇಲೆ ಬಹಳ ಗೌರವ.

ಆದರೂ ಆ ಮೂರರಲ್ಲಿ ಮೊದಲು ಟೋಲ್ಕಿನ್ ಅವರದೇ ಚಿತ್ರಗಳಿರುವ ಪ್ರತಿಯನ್ನು ತಗೋ. 1937ರ ಸೆಪ್ಟೆಂಬರ್ 21ರಂದು ಆ ಪುಸ್ತಕ ಹೊರಬಂದಾಗ ಅಚ್ಚಾಗಿದ್ದು 1500 ಪ್ರತಿ. ಒಳಗಿನ ಚಿತ್ರ, ನಕ್ಷೆ, ಹೊರಗಿನ ಜಾಕೆಟ್ ಎಲ್ಲ ಅವರ ಕೈಯದೇ. ಬೆಟ್ಟಗಳನ್ನು ಗೆರೆಯಲ್ಲಿ ಹೇಗೆ ಕೂರಿಸಿದ್ದಾರೆ ನೋಡು. ಬರೆದವನ ಕಣ್ಣಿಗೆ ಆ ನಾಡು ಹೇಗಿತ್ತು ಅನ್ನುವುದು ಮೊದಲು ಗೊತ್ತಾಗಲಿ. ಆಮೇಲೆ ಲೀ ಅವರದ್ದು. ಕ್ಯಾಟ್ಲಿನ್ ಅವರ 2013ರ ಪುಸ್ತಕ ಬಣ್ಣ ಬಣ್ಣವಾಗಿ ಮುದ್ದಾಗಿದೆ, ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಓದಿ ಹೇಳುವುದಕ್ಕೆ ಚೆನ್ನ. ಅದಕ್ಕೆ ಈಗಲೇ ಅವಸರ ಇಲ್ಲ.

ನಿನ್ನ ಪಟ್ಟಿಯಲ್ಲಿ ಇಲ್ಲದ ಒಂದು ಪುಸ್ತಕವನ್ನು ನಾನೇ ಸೇರಿಸುತ್ತೇನೆ. ಅಮೆರಿಕದ ಲೇಖಕಿ ಅರ್ಸುಲಾ ಲೆ ಗ್ವಿನ್ ಅವರ, ದ್ವೀಪಗಳ ನಾಡೊಂದರಲ್ಲಿ ನಡೆಯುವ ಅರ್ತ್‌ಸೀ ಕಥೆಗಳು. ಮೊದಲ ಕಾದಂಬರಿ ಬಂದಿದ್ದು 1968ರಲ್ಲಿ. ಅದರ ನಾಯಕ ಗೆಡ್ ಕೆಂಪುಮಿಶ್ರಿತ ಕಂದು ಬಣ್ಣದವನು. ಆ ದ್ವೀಪಗಳ ಬಹುಪಾಲು ಜನ ಕಪ್ಪು ಇಲ್ಲವೇ ಕಂದು ಬಣ್ಣದವರು. ಲೆ ಗ್ವಿನ್ ಅದನ್ನು ಸ್ಪಷ್ಟವಾಗಿ ಬರೆದಿದ್ದರೂ ಆಮೇಲೆ ಬಂದ ಎಷ್ಟೋ ಮುಖಪುಟಗಳಲ್ಲಿ ಅವನನ್ನು ಬಿಳಿಯನನ್ನಾಗಿ ಮಾಡಿದರು. ಆಕೆಗೆ ಅದು ವರ್ಷಾನುಗಟ್ಟಲೆ ನೋವಿನ ವಿಷಯ ಆಗಿತ್ತು. ಹೊರಗೆ ಬಹಿರಂಗವಾಗಿಯೇ ಹೇಳಿದರು. ಐವತ್ತು ವರ್ಷ ತುಂಬಿದಾಗ, 2018ರಲ್ಲಿ, ಎಲ್ಲ ಕಥೆಗಳನ್ನೂ ಒಂದೇ ಸಂಪುಟವಾಗಿ ತಂದರು. ಚಿತ್ರ ಚಾರ್ಲ್ಸ್ ವೆಸ್ ಅವರದ್ದು. ಸುಮಾರು ನಾಲ್ಕು ವರ್ಷ ಇಬ್ಬರೂ ಕೂಡಿ ಕೆಲಸ ಮಾಡಿದರು. ವೆಸ್ ಕರಡು ಚಿತ್ರ ಕಳಿಸುವುದು, ಆಕೆ ನೋಡಿ ಹೀಗಲ್ಲ ಹಾಗೆ ಅನ್ನುವುದು, ಇವರು ತಿದ್ದಿ ಮತ್ತೆ ಕಳಿಸುವುದು. ಡ್ರ್ಯಾಗನ್ ಹೇಗಿರಬೇಕು ಅನ್ನುವುದರ ಮೇಲೂ ಮಾತುಕತೆ ನಡೆಯಿತು. ಪುಸ್ತಕ ಅಚ್ಚಾಗಿ ಬರುವ ಮುಂಚೆ, ಅದೇ ವರ್ಷದ ಜನವರಿಯಲ್ಲಿ ಆಕೆ ತೀರಿಕೊಂಡರು. ಮರುವರ್ಷ ಆ ಸಂಪುಟಕ್ಕೆ, ವಿಜ್ಞಾನ ಕಥೆ ಮತ್ತು ಫ್ಯಾಂಟಸಿ ಪುಸ್ತಕಗಳಿಗೆ ಕೊಡುವ ಹ್ಯೂಗೋ ಪ್ರಶಸ್ತಿ ಬಂತು.

ನಮ್ಮ ಮೈಬಣ್ಣದ ಹುಡುಗನೊಬ್ಬ ಮಂತ್ರವಾದಿಯಾಗಿ ದೋಣಿ ನಡೆಸುವುದನ್ನು ಬರೆದಾಕೆ ಬರೆದಂತೆಯೇ ಅಚ್ಚಿನಲ್ಲಿ ನೋಡುವುದು ಇದೆಯಲ್ಲ, ಅದು ದೊಡ್ಡ ಮಾತು. ಸಾವಿರ ಪುಟದ ಹತ್ತಿರ ಇರುವ ಭಾರದ ಪುಸ್ತಕ. ಮಲಗಿಕೊಂಡು ಓದಲಾಗುವುದಿಲ್ಲ, ಮೇಜಿನ ಮೇಲೇ ಇಟ್ಟುಕೊಳ್ಳಬೇಕು.

ಅಂಗಡಿಯಲ್ಲಿ ಇಂಥ ಪುಸ್ತಕ ಕೈಗೆ ಸಿಕ್ಕರೆ ಹೀಗೆ ಮಾಡು. ನಿನಗೆ ಬಾಯಿಪಾಠ ಆಗುವಷ್ಟು ಇಷ್ಟವಾದ ಒಂದು ಸನ್ನಿವೇಶ ನೆನಪು ಮಾಡಿಕೊಂಡು ಆ ಪುಟ ತೆಗೆ. ಅಲ್ಲಿ ಚಿತ್ರ ಇದೆಯಾ? ಇದ್ದರೆ ಬೆಳಕು ಯಾವ ಕಡೆಯಿಂದ ಬರುತ್ತಿದೆ, ಕೈಯಲ್ಲಿ ಏನಿದೆ, ಮಾತಿನಲ್ಲಿ ಹೇಳಿದ್ದಕ್ಕೂ ಇದಕ್ಕೂ ಹೊಂದುತ್ತದಾ ನೋಡು. ಹೊಂದದಿದ್ದರೂ ಪರವಾಗಿಲ್ಲ, ಹೊಂದದಿರುವುದಕ್ಕೆ ಒಂದು ಕಾರಣ ಕಾಣಬೇಕು. ಯಾನ್ಸನ್ ಚಿತ್ರದಲ್ಲಿ ಕಾಣುತ್ತದೆ. ಓದದೇ ಬರೆದ ಚಿತ್ರದಲ್ಲಿ ಕಾಣುವುದಿಲ್ಲ.

ಇನ್ನು ಅಚ್ಚಿನ ವಿಷಯ. 1865ರಲ್ಲಿ ಲೂಯಿಸ್ ಕ್ಯಾರಲ್ ಅವರ 'ಆಲಿಸ್' 2000 ಪ್ರತಿ ಅಚ್ಚಾಯಿತು. ಚಿತ್ರ ಜಾನ್ ಟೆನಿಯಲ್ ಅವರದ್ದು, 42 ಚಿತ್ರ. ಡಾಲ್ಜಿಯಲ್ ಸಹೋದರರು ಮರದ ಅಚ್ಚಿನಲ್ಲಿ ಕೆತ್ತಿದ್ದರು. ಪ್ರತಿ ಕೈಗೆ ಬಂದಾಗ ಟೆನಿಯಲ್ ಅವರಿಗೆ ಚಿತ್ರಗಳು ಅಚ್ಚಾದ ರೀತಿ ಹಿಡಿಸಲಿಲ್ಲ. ಕ್ಯಾರಲ್ ಆ ಅಚ್ಚನ್ನೇ ವಾಪಸು ಪಡೆದರು. ಸ್ನೇಹಿತರಿಗೆ ಕೊಟ್ಟಿದ್ದನ್ನೂ ಬಿಡದೆ ಕೇಳಿದರು. ನಷ್ಟ ತಾವೇ ಹೊತ್ತು ಬೇರೆ ಪ್ರೆಸ್ಸಿನಲ್ಲಿ ಹೊಸದಾಗಿ ಅಚ್ಚು ಹಾಕಿಸಿದರು. ಮಸಿ ಒಂದು ಪಾಲು ಹೆಚ್ಚಾದರೂ ಗೆರೆ ಮೆತ್ತಿಕೊಳ್ಳುತ್ತದೆ, ಕಡಿಮೆಯಾದರೆ ಮುಖವೇ ಹಾರಿಹೋಗುತ್ತದೆ. ಪ್ರೆಸ್ಸಿನವರಿಗೆ ಅದು ಗೊತ್ತು. ಒಬ್ಬ ಲೇಖಕ ಚಿತ್ರಕಾರನ ಮಾತಿಗೆ ಅಷ್ಟು ಬೆಲೆ ಕೊಟ್ಟ ಅನ್ನುವುದು ನನಗೆ ಇವತ್ತಿಗೂ ರೋಮಾಂಚನ.

ಈಗ ಇದನ್ನು ಕೇಳು. ಆ ಮೊದಲ ಅಚ್ಚಿನಲ್ಲಿ ಉಳಿದ ಕೆಲವೇ ಪ್ರತಿಗಳಿಗೆ ಇಂದು ಸಂಗ್ರಾಹಕರ ಲೋಕದಲ್ಲಿ ಕಣ್ಣು ತಿರುಗುವ ಬೆಲೆ. ಚಿತ್ರ ಬರೆದವರೇ ಚೆನ್ನಾಗಿಲ್ಲ ಅಂದ ಪ್ರತಿಗಳು ಅವು! ಬೆಲೆ ಏರುವುದು ಸಿಗದೇ ಇರುವುದರಿಂದ, ಚಿತ್ರ ಚೆನ್ನಾಗಿರುವುದರಿಂದ ಅಲ್ಲ. 'ಲಿಮಿಟೆಡ್' ಅಂತ ಬರೆದು, ನಂಬರ್ ಹಾಕಿ, ಸಹಿ ಮಾಡಿಸಿ ಮಾರುವ ಪುಸ್ತಕ ಕಂಡಾಗ ಈ ಕಥೆ ಜ್ಞಾಪಿಸಿಕೋ. ಸಹಿ ಇರುವುದು ತಪ್ಪಲ್ಲ, ನಿನಗೆ ಆ ಲೇಖಕರ ಮೇಲೆ ಪ್ರೀತಿ ಇದ್ದರೆ ಅದು ಸಂತೋಷವೇ. ಮುಂದೆ ಎರಡರಷ್ಟು ಬೆಲೆಗೆ ಮಾರಬಹುದು ಅನ್ನುವ ಲೆಕ್ಕದಲ್ಲಿ ಮಾತ್ರ ಕೊಳ್ಳಬೇಡ. ಇಎಂಐ ಮೇಲಂತೂ ಬೇಡವೇ ಬೇಡ.

ಈಚೆಗೆ ಪುಸ್ತಕದ ಮೂರು ಅಂಚಿಗೂ ಬಣ್ಣ ಹೊಡೆದು, ಹೂಬಳ್ಳಿ ಅಚ್ಚು ಹಾಕಿ ಮಾರುತ್ತಾರೆ. ನೋಡಲು ಚೆಂದ. ಹಿಂದೆ ಮೇಲಿನ ಅಂಚಿಗೆ ಚಿನ್ನದ ರೇಕು ಹಾಕುತ್ತಿದ್ದುದು ಧೂಳು ಒಳಗಿಳಿಯದಿರಲಿ ಅಂತ. ಬಣ್ಣದ ಅಂಚಿಗೆ ನೀನು ಕೊಡುವ ದುಡ್ಡು ಒಳಗಿನ ಚಿತ್ರಕ್ಕೆ ಹೋಗುವುದಿಲ್ಲ. ಒಳಗೆ ಒಂದೂ ಚಿತ್ರ ಇಲ್ಲದ ಪುಸ್ತಕಕ್ಕೂ ಹಾಗೆ ಬಣ್ಣ ಹೊಡೆಯುತ್ತಾರೆ, ತೆಗೆದು ನೋಡು.

ನೋಡಬೇಕಾದ್ದು ಹೊಲಿಗೆ. ಪುಸ್ತಕ ಮುಚ್ಚಿ ನಿಲ್ಲಿಸಿ ಬೆನ್ನಿನ ಮೇಲ್ತುದಿಯನ್ನು ಮೇಲಿನಿಂದ ನೋಡಿದರೆ ಹಾಳೆಗಳು ಸಣ್ಣ ಸಣ್ಣ ಮಡಿಕೆಗಳಾಗಿ ಕಾಣಬೇಕು. ನಾವು ಅದಕ್ಕೆ ಫಾರಂ ಅನ್ನುತ್ತೇವೆ. ಒಂದು ಫಾರಮ್ಮಿನ ನಡುಪುಟ ತೆರೆದರೆ ಮಡಿಕೆಯಲ್ಲಿ ದಾರ ಕಾಣಬೇಕು. ದಾರ ಇದ್ದರೆ ಪುಸ್ತಕ ಚಪ್ಪಟೆಯಾಗಿ ತೆರೆದುಕೊಳ್ಳುತ್ತದೆ, ಎರಡು ಪುಟಕ್ಕೆ ಹರಡಿದ ಚಿತ್ರ ನಡುವೆ ನುಂಗಿಹೋಗುವುದಿಲ್ಲ. ಬರೀ ಗಮ್ ಬೈಂಡಿಂಗ್ ಆದರೆ ಬೆನ್ನು ಬಿರುಕು ಬಿಟ್ಟು ಹಾಳೆ ಕಳಚುತ್ತದೆ. ರಟ್ಟು ಎಷ್ಟು ಗಟ್ಟಿ ಇದ್ದರೇನು ಬಂತು?

ಹಳೆಯ ಪುಸ್ತಕ ಕೊಳ್ಳುವಾಗ ಇನ್ನೊಂದು ಎಚ್ಚರಿಕೆ. ಇಂಗ್ಲಿಷ್ ಚಿತ್ರಕಾರ ಆರ್ಥರ್ ರ‍್ಯಾಕಮ್ ಕಾಲದಲ್ಲಿ, ಅಂದರೆ 1906, 1907ರ ಸುಮಾರಿಗೆ, ಬಣ್ಣದ ಚಿತ್ರಗಳನ್ನು ನುಣುಪಾದ ಆರ್ಟ್ ಪೇಪರಿನಲ್ಲಿ ಬೇರೆಯಾಗಿ ಅಚ್ಚು ಹಾಕಿ, ದಪ್ಪ ಹಾಳೆಗೆ ಒಂದಂಚು ಮಾತ್ರ ಅಂಟಿಸುತ್ತಿದ್ದರು. ಮೇಲೆ ತೆಳು ಕಾಗದದ ಹೊದಿಕೆ. ಅಂಥ ಚಿತ್ರಗಳನ್ನು ಕಿತ್ತು ಫ್ರೇಮ್ ಹಾಕಿ ಮಾರುವವರು ಇದ್ದಾರೆ. ಪುಸ್ತಕದ ಮುಂಭಾಗದಲ್ಲಿ ಚಿತ್ರಗಳ ಪಟ್ಟಿ ಇರುತ್ತದೆ, ಅದನ್ನು ಇಟ್ಟುಕೊಂಡು ಒಂದೊಂದನ್ನೂ ಎಣಿಸು. ಚರ್ಚ್ ಸ್ಟ್ರೀಟಿನ ಬ್ಲಾಸಮ್, ಬುಕ್‌ವರ್ಮ್ ಕಡೆ ಬಿಡುವಿದ್ದಾಗ ಹೋಗಿ ಬಾ. ವಿದೇಶದಿಂದ ತರಿಸುವುದಕ್ಕೆ ಮುಂಚೆ ಕೈಯಲ್ಲಿ ಹಿಡಿದು ನೋಡುವುದು ಒಳ್ಳೆಯದು. ತರಿಸುವುದಾದರೆ ಪುಸ್ತಕದ ಬೆಲೆಯ ಜೊತೆ ಅಂಚೆ ಖರ್ಚು, ಸುಂಕ, ಕೊರಿಯರಿನವರ ಚಾರ್ಜು ಎಲ್ಲ ಕೂಡಿಸಿ ಲೆಕ್ಕ ಹಾಕು.

ಸರಣಿ ಪೂರ್ತಿ ಆಗಲೇಬೇಕು ಅನ್ನುವ ಹಟ ಬೇಡ. ಜಿಮ್ ಕೇ 2015ರಲ್ಲಿ ಹ್ಯಾರಿ ಪಾಟರ್‌ಗೆ ಚಿತ್ರ ಬರೆಯಲು ಶುರು ಮಾಡಿದರು. ಐದನೆಯದು ಬರುವ ಹೊತ್ತಿಗೆ 2022. ಅದರಲ್ಲಿ ನೀಲ್ ಪ್ಯಾಕರ್ ಕೈಯೂ ಇತ್ತು. ಆಮೇಲೆ ಕೇ ಆ ಕೆಲಸದಿಂದ ಹೊರಬಂದರು. ಏಳು ಪುಸ್ತಕವೂ ಒಬ್ಬರದೇ ಕೈಯಲ್ಲಿ ಬರುತ್ತದೆ ಅಂತ ಕಾದವರಿಗೆ ಬೇಜಾರಾಗಿರಬಹುದು. ಆದರೆ ಅವರು ಬರೆದ ಡಯಗನ್ ಓಣಿಯ ಅಂಗಡಿಸಾಲು ನೋಡಿದ್ದೀಯಲ್ಲ, ಅದರಿಂದ ಏನು ಕಡಿಮೆಯಾಯಿತು? ಅಷ್ಟು ಪುಟ ತುಂಬುವಂತೆ ಚಿತ್ರ ಬರೆಯುವುದು ಮನುಷ್ಯನ ಮೈಮನಸ್ಸು ಹಿಂಡುವ ಕೆಲಸ.

ಬೆಂಗಳೂರಿನ ರೂಮಿನಲ್ಲಿ ಜಾಗ ಸಾಲದು, ಕೆಲವನ್ನು ತೀರ್ಥಹಳ್ಳಿ ಮನೆಯ ಅಟ್ಟದಲ್ಲಿ ಇಡುತ್ತೇನೆ ಅಂದೆಯಲ್ಲ, ದಯವಿಟ್ಟು ಬೇಡ. ಆ ಮಳೆಗೆ ಬೂಸ್ಟು ಹಿಡಿಯುವುದು ಖಂಡಿತ. ಆರ್ಟ್ ಪೇಪರಿಗೆ ತೇವ ತಗುಲಿದರೆ ಪುಟಕ್ಕೆ ಪುಟ ಅಂಟಿಕೊಂಡು, ಬಿಡಿಸಲು ಹೋದರೆ ಚಿತ್ರವೇ ಕಿತ್ತುಬರುತ್ತದೆ. ಜಾಗ ಇರುವಷ್ಟೇ ಕೊಳ್ಳು. ಬಿಸಿಲು ಬೀಳುವ ಕಿಟಕಿ ಎದುರು ಇಡಬೇಡ, ಜಾಕೆಟ್ಟಿನ ಬೆನ್ನು ಬಿಳಚಿಕೊಳ್ಳುತ್ತದೆ. ಹೊರಗೋಡೆಗೆ ಒತ್ತಿ ಇಡಬೇಡ. ದೊಡ್ಡ ಭಾರದ್ದನ್ನು ಮಲಗಿಸಿಡು. ತೆಗೆಯುವಾಗ ಬೆನ್ನಿನ ತಲೆಗೆ ಬೆರಳು ಹಾಕಿ ಎಳೆಯುವ ಅಭ್ಯಾಸ ಬಿಡು. ಪಕ್ಕದ ಎರಡು ಪುಸ್ತಕವನ್ನು ಹಿಂದೆ ತಳ್ಳಿ, ಇದರ ನಡುವನ್ನು ಹಿಡಿದು ತೆಗೆ.

ಹೊಸ ಪುಸ್ತಕವನ್ನು ಒಮ್ಮೆಲೇ ನಡುವೆ ಬಿಚ್ಚಬಾರದು. ಬೆನ್ನನ್ನು ಮೇಜಿನ ಮೇಲೆ ಊರಿ, ಮೊದಲು ಎರಡು ರಟ್ಟನ್ನೂ ಆ ಕಡೆ ಈ ಕಡೆ ಮಲಗಿಸು. ಆಮೇಲೆ ಮುಂದಿನಿಂದ ನಾಲ್ಕು ಹಾಳೆ ಬಿಡಿಸಿ ಹೆಬ್ಬೆರಳಿನಿಂದ ಮಡಿಕೆಯ ಉದ್ದಕ್ಕೂ ಮೆಲ್ಲಗೆ ಒತ್ತು, ಹಿಂದಿನಿಂದ ನಾಲ್ಕು ಹಾಳೆ ಬಿಡಿಸಿ ಹಾಗೇ ಒತ್ತು. ಹೀಗೆ ನಡುವಿನವರೆಗೆ ಬಾ. ಬೈಂಡಿಂಗ್ ಸಡಿಲವಾಗುತ್ತದೆ, ಬೆನ್ನು ಒಡೆಯುವುದಿಲ್ಲ. ಪ್ಲಾಸ್ಟಿಕ್ ಹೊದಿಕೆ ಬಿಚ್ಚದೆ ಇಡುವವರೂ ಇದ್ದಾರಂತೆ. ನೀನು ಹಾಗೆ ಮಾಡಬೇಡ ಮಗಳೇ, ಮೊದಲ ದಿನವೇ ಬಿಚ್ಚು. ಕೈ ತೊಳೆದು, ಪೂರ್ತಿ ಒಣಗಿಸಿಕೊಂಡು, ರಾತ್ರಿ ಊಟ ಆದಮೇಲೆ ಒಂದೊಂದು ಚಿತ್ರದ ಮುಂದೆ ಸುಮ್ನೆ ಕೂತು ನೋಡು. ನಿನ್ನ ಹಳೆಯ ಪೇಪರ್‌ಬ್ಯಾಕನ್ನು ತಮ್ಮನಿಗೆ ಕೊಟ್ಟುಬಿಡು, ಅವನೂ ಮೊದಲು ಅದನ್ನೇ ಓದಲಿ.

ಆರ್ಡರ್ ಮಾಡುವ ಮುಂಚೆ ಅಂಗಡಿಯವರ ಹತ್ತಿರ ಎರಡು ಫೋಟೋ ಕೇಳಿ ತರಿಸಿಕೋ. ಬೆನ್ನಿನ ಮೇಲ್ತುದಿಯದು ಒಂದು, ಯಾವುದಾದರೂ ಫಾರಮ್ಮಿನ ನಡುಪುಟದ್ದು ಇನ್ನೊಂದು. ನನಗೆ ಕಳಿಸು, ಹೊಲಿಗೆಯೋ ಗೋಂದೋ ನೋಡಿ ಅವತ್ತೇ ಹೇಳುತ್ತೇನೆ.

ಇಂತಿ ನಿನ್ನ ಪ್ರೀತಿಯ
ದೊಡ್ಡಪ್ಪ