ಮಣ್ಣಿನೊಳಗೆ ಮಣ್ಣಿನ ಗೋಡೆ

ಲಕ್ಸರ್, ಈಜಿಪ್ಟ್

ತೀರ್ಥರೂಪ ಅಪ್ಪನವರಿಗೆ ನಮಸ್ಕಾರಗಳು.

ಇಲ್ಲಿನ ಊರವರು ಬರೀ ಮಣ್ಣು ಹೊರುತ್ತಾರಾ ಎಂದು ಕೇಳಿದ್ದಿರಿ. ಉತ್ಖನನದ ಅತಿ ನಾಜೂಕಿನ ಕೆಲಸ ಅವರ ಕೈಯಲ್ಲೇ ಇರುವುದು. ಲಕ್ಸರ್‌ಗೆ ಉತ್ತರದಲ್ಲಿ ಕಿಫ್ತ್ ಎಂಬ ಊರಿದೆ. 1893-94ರಲ್ಲಿ ಬ್ರಿಟಿಷ್ ಪುರಾತತ್ವಜ್ಞ ಫ್ಲಿಂಡರ್ಸ್ ಪೆಟ್ರಿ ಅಲ್ಲಿ ಅಗೆಸುವಾಗ ಊರಿನವರನ್ನೇ ಪಳಗಿಸಿದರು. ಆ ‘ಕುಫ್ತಿ’ಗಳ ಕಸುಬು ಅಪ್ಪನಿಂದ ಮಗನಿಗೆ ಇಳಿದು ಬಂದಿದೆ. ಅವರ ಮೇಸ್ತ್ರಿಗೆ ರಯೀಸ್ ಅನ್ನುತ್ತಾರೆ.

ಪೇಚಾಟವೆಲ್ಲ ಹಸಿ ಇಟ್ಟಿಗೆಯ ಗೋಡೆಯದು. ಗೋಡೆಯೂ ನೈಲ್‌ನ ಮೆಕ್ಕಲು, ಅದು ಕುಸಿದ ರಾಶಿಯೂ ಅದೇ ಮೆಕ್ಕಲು, ಬಣ್ಣವೂ ಒಂದೇ. ಹೊಸಬರು ಗುದ್ದಲಿ ಹಾಕಿದರೆ ಗೋಡೆಯನ್ನೇ ಸೀಳಿಕೊಂಡು ಆಚೆ ಹೋಗಿಬಿಡುತ್ತಾರೆ. ಕುಫ್ತಿ ಕರಣೆಯನ್ನು ತನ್ನತ್ತ ಎಳೆಯುತ್ತ ತೆಳ್ಳಗೆ ಹೆರೆಯುತ್ತಾನೆ. ಇಟ್ಟಿಗೆ ಬಿಗಿಯಾಗಿ ತಡೆಯುತ್ತದೆ, ರಾಶಿ ಪುಡಿಯಾಗಿ ಬಿಟ್ಟುಕೊಡುತ್ತದೆ, ಸದ್ದೇ ಬೇರೆ. ಹೆರೆದ ಕೂಡಲೇ ಇಟ್ಟಿಗೆಗಳ ಸಂದು ಗೆರೆಯಾಗಿ ಕಾಣುತ್ತದೆ, ತೇವ ಆರಿತೋ, ಮಾಯ. ಅದಕ್ಕೇ ಕಂಡ ಗಳಿಗೆಯಲ್ಲೇ ಕರಣೆಯ ತುದಿಯಿಂದ ಗೀರಿ, ಅಳತೆ ಬರೆದು, ಫೋಟೊ ತೆಗೆಯಬೇಕು.

ಬುಟ್ಟಿಗಳ ಮೇಲೂ ಕಣ್ಣಿಡಬೇಕು. ಪ್ರತಿ ಪದರಕ್ಕೂ ಒಂದು ಸಂಖ್ಯೆ. ಆ ಸಂಖ್ಯೆ ಬರೆದ ಚೀಟಿಯಿಲ್ಲದ ಬುಟ್ಟಿ ಜರಡಿಗೆ ಹೋಗಬಾರದು. ಎರಡು ಪದರದ ಮಣ್ಣು ಬೆರೆತರೆ ಆ ಮಡಕೆ ಚೂರುಗಳಿಂದ ಪದರದ ಕಾಲ ಹೇಳಲಾಗದು. 5 ಮಿ.ಮೀ. ಕಣ್ಣಿನ ಜರಡಿಯಲ್ಲಿ ಸಣ್ಣ ಮಣಿಗಳು ಇಳಿದುಹೋಗುತ್ತವೆ; ಸಮಾಧಿಯ ಮಣ್ಣಿಗೆ 1-2 ಮಿ.ಮೀ.ದೇ ಬೇಕು.

ಸಿಕ್ಕ ವಸ್ತುವಿಗೆ ಪೆಟ್ರಿ ಭಕ್ಷೀಸು ಕೊಡುತ್ತಿದ್ದರು, ಇಲ್ಲವಾದರೆ ಅದು ದಲ್ಲಾಳಿಗಳ ಪಾಲಾಗುತ್ತಿತ್ತು. ಉಪಾಯವೇನೋ ಸರಿ, ಆದರೆ ವಸ್ತುವಿಗೆ ದುಡ್ಡು ಕಟ್ಟಿದರೆ ಮೂಳೆ, ಇದ್ದಿಲನ್ನು ಯಾರೂ ಮೂಸಿ ನೋಡುವುದಿಲ್ಲ. ಎಲ್ಲಿಯದನ್ನೋ ತಂದು ಗುಂಡಿಯಲ್ಲಿಟ್ಟು ‘ಸಿಕ್ಕಿತು’ ಅನ್ನುವ ಆಸೆಯೂ ಹುಟ್ಟುತ್ತದೆ. ದಿನಗೂಲಿಯೇ ವಾಸಿ. ಈಜಿಪ್ಟಿನ ಪ್ರಾಚ್ಯವಸ್ತುಗಳ ಕಾನೂನು (1983ರ 117ನೇದು) ಬಂದ ಮೇಲಂತೂ ಸಿಕ್ಕಿದ್ದೆಲ್ಲ ಸರ್ಕಾರದ್ದು.

ಕೂಲಿಗೆ ಒಂದೇ ಮನೆತನದವರನ್ನು ತುಂಬಿಕೊಂಡರೆ ಪಕ್ಕದ ಕೇರಿಯವರು ಮುನಿಯುತ್ತಾರೆ, ರಾತ್ರಿ ಕಾವಲು ಕಷ್ಟವಾಗುತ್ತದೆ. ಹಾಗಾಗಿ ಪಟ್ಟಿ ಮಾಡುವಾಗಲೇ ರಯೀಸ್ ಜೊತೆ ಕೂರುವುದು ಒಳ್ಳೆಯದು.

ನನಗೆ ಸರಿಕಾಣದ್ದು ಒಂದಿದೆ. ಅಮೆರಿಕದ ಪುರಾತತ್ವಜ್ಞ ರೈಸ್‌ನರ್ ಅವರ ತಂಡದ ಈಜಿಪ್ಟಿನ ಮೇಸ್ತ್ರಿಗಳು ಅರಬ್ಬಿಯಲ್ಲಿ ಅಗೆತದ ದಿನಚರಿ ಬರೆದಿಟ್ಟಿದ್ದಾರೆ. ಆದರೂ ಅಚ್ಚಾಗುವ ವರದಿಗಳಲ್ಲಿ ಗೋಡೆಯ ಗುರುತು ಹಿಡಿದವನ ಹೆಸರು ಅಪರೂಪ. ಪ್ರತಿ ಪದರದ ವಿವರ ಬರೆಯುವ ಹಾಳೆಯಲ್ಲಿ ಅಗೆದವನ ಹೆಸರಿಗೊಂದು ಸಾಲು ಬೇಕು. ಅವನ ಮಾತು ನಮ್ಮದಕ್ಕಿಂತ ಬೇರೆಯಾದರೆ ಅದಕ್ಕೂ ಒಂದು ಸಾಲು, ಅದೂ ಮಣ್ಣು ತೆಗೆಯುವ ಮೊದಲೇ. ತೆಗೆದ ಮೇಲೆ ಯಾರು ಸರಿ ಎಂದು ನೋಡಲು ಅಲ್ಲೇನೂ ಉಳಿದಿರುವುದಿಲ್ಲ.

ಅಮ್ಮನಿಗೆ ನಮಸ್ಕಾರ ತಿಳಿಸಿ.

ಇಂತಿ,
ನಿಮ್ಮ ಮಗಳು