ಹೂಳೆತ್ತುವ ಮೊದಲು ಮೇಲಿನ ಹಳ್ಳ ನೋಡಿ

ಮಾನ್ಯ ಸಂಪಾದಕರೇ,

ಬೇಸಿಗೆ ಬಂತೆಂದರೆ ಕೆರೆ ಅಂಗಳಕ್ಕೆ ಜೆಸಿಬಿ ಇಳಿಯುತ್ತದೆ. ಹೂಳೆತ್ತಲಿ, ಬೇಡವೆನ್ನುವುದಿಲ್ಲ. ಆದರೆ ಆ ಹೂಳು ಎಲ್ಲಿಂದ ಬಂತೆಂದು ಕೇಳುವವರು ಕಡಿಮೆ. ಕೆರೆ ಬಳಕೆದಾರರ ಸಂಘದಲ್ಲಿ ಹೆಸರಿಗೆ ಎಲ್ಲರೂ ಇದ್ದರೂ ನಡೆಸುವವರು ಸಾಮಾನ್ಯವಾಗಿ ಕೆರೆ ನೀರಿನಿಂದ ಬೆಳೆ ತೆಗೆಯುವ ಅಚ್ಚುಕಟ್ಟಿನವರೇ. ಮಣ್ಣು ಕೊಚ್ಚಿ ಬರುವುದು ಮಾತ್ರ ಮೇಲಿನ ಊರುಗಳ ಹೊಲ, ಗೋಮಾಳಗಳಿಂದ. ಕೆರೆ ತುಂಬಿದರೂ ಆ ಊರಿನವರಿಗೆ ಹನಿ ನೀರಿಲ್ಲ. ಬದು ಹಾಕಲು ಅವರಿಗೇನು ದರ್ದು?

ಲೆಕ್ಕ ನೋಡಿ. ಒಂದು ಎಕರೆ ಅಂಗಳದಲ್ಲಿ 1 ಅಂಗುಲ ಹೂಳೆಂದರೆ ಸುಮಾರು 100 ಘನ ಮೀಟರ್. 3 ಘನ ಮೀಟರ್ ಹಿಡಿಯುವ ಟ್ರೇಲರಿಗೆ 34 ಲೋಡು. 50 ಎಕರೆ ಕೆರೆಗೆ 1,700 ಲೋಡು. ಇಷ್ಟನ್ನು ಡೀಸೆಲ್ ಸುಟ್ಟು ಹೊರಹಾಕಿ, ಉತ್ತರೆ ಮಳೆಗೆ ಮತ್ತೆ ಒಳಗೆ ಬಿಟ್ಟುಕೊಳ್ಳುವುದು ಯಾವ ಜಾಣತನ?

ನಮ್ಮ ಸಲಹೆ ಇಷ್ಟೆ: ಕೆರೆಯಿಂದ ಎತ್ತಿದ ಹೂಳಿನ, ಅಂದರೆ ಗೋಡು ಮಣ್ಣಿನ, ಮೊದಲ ಲೋಡುಗಳು ಮೇಲಿನ ಊರಿನಲ್ಲಿ ಬದು ಹಾಕಿದವರ ಹೊಲಕ್ಕೆ ಹೋಗಲಿ. ಅಲ್ಲಿರುವುದು ಮರಳು ಮಿಶ್ರಿತ ಕೆಂಪು ಮಣ್ಣಾದರೆ ಗೋಡು ತೇವ ಹಿಡಿದಿಡುತ್ತದೆ. ಅಂಗುಲದಷ್ಟು ಹರಡಿ ಉಳುಮೆ ಮಾಡಿ ಬೆರೆಸಬೇಕು. ರಾಶಿ ಬಿಟ್ಟರೆ ಹೆಂಟೆಗಟ್ಟುತ್ತದೆ. ಬಿಳಿ ಚೌಳು (ಉಪ್ಪು) ಕಂಡ ಕಡೆಯ ಮಣ್ಣನ್ನು, ಪಟ್ಟಣದ ಚರಂಡಿ ಸೇರುವ ಕೆರೆಯ ಹೂಳನ್ನು ಪರೀಕ್ಷಿಸದೆ ಹೊಲಕ್ಕೆ ಹಾಕಬೇಡಿ.

ಇನ್ನು ಮೇಲೆ ಮಳೆನೀರು ಕೊರೆದ ಕೊರಕಲು. ಕೆಳಗೊಂದು ದೊಡ್ಡ ಚೆಕ್ ಡ್ಯಾಂ ಕಟ್ಟಿ ಕೈತೊಳೆದುಕೊಂಡರೆ ಅದೂ ಹೂಳಿಗೇ. ಮೇಲಿನಿಂದ ಸಣ್ಣ ಕಲ್ಲುತಡೆಗಳು ಸಾಲಾಗಿ ಬರಬೇಕು. ಕೆಳಗಿನ ತಡೆಯ ತಲೆ ಮೇಲಿನ ತಡೆಯ ಬುಡಕ್ಕೆ ಸಮವಿರಬೇಕು: 100 ಅಡಿಗೆ 5 ಅಡಿ ಇಳಿಜಾರಿದ್ದು ತಡೆ ಎರಡೂವರೆ ಅಡಿ ಎತ್ತರವಿದ್ದರೆ 50 ಅಡಿಗೊಂದು. ಮಟ್ಟ ನೋಡಲು ಗಾರೆಯವರ ನೀರಿನ ಟ್ಯೂಬ್ ಸಾಕು, ಎಂಜಿನಿಯರ್ ಬರಲೆಂದು ಕಾಯಬೇಕಿಲ್ಲ. ಅಡಿಪಾಯ 1 ಅಡಿ. ಎರಡೂ ತುದಿ ದಂಡೆಯೊಳಗೆ 2 ಅಡಿ ಹೊಕ್ಕಿರಬೇಕು. ನೀರು ದಾಟಿ ಹೋಗಲು ತಡೆಯ ನಡುವೆ 1 ಅಡಿ ತಗ್ಗು; ತಡೆಯ ಎತ್ತರವನ್ನು ಈ ತಗ್ಗಿನ ಮಟ್ಟಕ್ಕೇ ಲೆಕ್ಕ ಹಿಡಿಯಬೇಕು. ಈ ತಗ್ಗು ಬಿಡದೆ ಮಟ್ಟಸ ಕಟ್ಟುವುದೇ ಸಾಮಾನ್ಯ ತಪ್ಪು. ನೀರು ಪಕ್ಕದ ದಂಡೆ ಕೊರೆದು ಹೊಸ ದಾರಿ ಮಾಡಿಕೊಳ್ಳುತ್ತದೆ, ಕಲ್ಲು ಮಾತ್ರ ಅಲ್ಲೇ ನಿಂತಿರುತ್ತದೆ.

ಕೆರೆಯೊಳಗೆ ಏರಿ ಬುಡದಿಂದ ಕನಿಷ್ಠ 30 ಅಡಿ ಬಿಟ್ಟು ಅಗೆಯಬೇಕು, ಇಲ್ಲವಾದರೆ ಏರಿ ಕುಸಿಯುವ ಅಪಾಯ. ಗದ್ದೆಗೆ ನೀರು ಬಿಡುವ ತೂಬಿನ ಮಟ್ಟಕ್ಕಿಂತ ಆಳಕ್ಕೆ ತೋಡಿದ ಗುಂಡಿಯ ನೀರು ದನಕರುಗಳಿಗೆ ಆದೀತು, ಗದ್ದೆಗೆ ಹರಿಯದು.

ರಾಜ್ಯದ ಸುಜಲ ಜಲಾನಯನ ಯೋಜನೆ ದಿಣ್ಣೆಯಿಂದ ಹಳ್ಳಕ್ಕೆ ಇಳಿಯುತ್ತ ಕೆಲಸ ಮಾಡಿತು. ಜಲ ಸಂವರ್ಧನೆ ಯೋಜನಾ ಸಂಘ ಕೆರೆಗಳನ್ನು ನೋಡಿಕೊಂಡಿತು. ಎರಡೂ ಬೇರೆ ಬೇರೆ ಕಡತ. ಈಗಲಾದರೂ ಮೇಲಿನ, ಕೆಳಗಿನ ಪಂಚಾಯಿತಿಗಳು ಒಂದೇ ನಕ್ಷೆ ಹಿಡಿದು ಹಳ್ಳದುದ್ದಕ್ಕೂ ಜೊತೆಯಾಗಿ ನಡೆಯಲಿ.

ಹಾಗೆ ನಡೆದು ಬಂದವರು ಕೆರೆಯ ಹೆಚ್ಚಿನ ನೀರು ಹೊರಹರಿಯುವ ಕೋಡಿಯ ಬಳಿ ನಿಲ್ಲಲಿ. ಕೆಳಗಿನವರು ಕೋಡಿಗೆ ಮರಳು ಚೀಲ ಒಟ್ಟುವುದು, ಹಿನ್ನೀರಿಗೆ ಬೆಳೆ ಮುಳುಗಿದ ಮೇಲಿನವರು ರಾತ್ರೋರಾತ್ರಿ ಅದನ್ನು ಕೀಳುವುದು, ಆಮೇಲೆ ಠಾಣೆ: ಎಷ್ಟೋ ಊರುಗಳ ಹಾಡು ಇದೇ. ಎರಡೂ ಊರಿನವರ ಎದುರಿಗೇ ಕೋಡಿ ಕಲ್ಲಿನ ಮೇಲೆ ಕೆಂಪು ಬಣ್ಣದ ಗೆರೆ ಎಳೆದು, ಆ ಮಟ್ಟವನ್ನು ಎರಡೂ ಪಂಚಾಯಿತಿಯ ನಡಾವಳಿಯಲ್ಲಿ ಬರೆಸಿ.

– ಅಚ್ಚುಕಟ್ಟಿನ ಕೆಲವು ರೈತರು, ತುಮಕೂರು ಜಿಲ್ಲೆ