ಮೈತುಂಬ ಅಕ್ಷರ ಹೊತ್ತವಳು

ಪ್ರೀತಿಯ ರಘು,

ಮೊನ್ನೆ ಅಂಗಡಿಯ ಚಿಲ್ಲರೆ ಜೊತೆ ಅಮೆರಿಕದ 25 ಸೆಂಟಿನ ಒಂದು ನಾಣ್ಯ ಬಂತು. ಕೈಗೆ ಕೈ ಸೇರಿಸಿ ನಿಂತ ಹೆಂಗಸು, ಅವಳ ಮೈತುಂಬ ಅಕ್ಷರ! ಕಣ್ಣ ಹತ್ತಿರ ಹಿಡಿದು ಓದಿದೆ. ಎಲ್ಲ ಅವಳು ಮಾಡಿದ ಕೆಲಸಗಳು, ಬರೆದ ಪತ್ರಿಕೆಗಳ ಹೆಸರು. ಹೋವಿತಾ ಇದಾರ್ ಅಂತ. ನೀನು ಅಪ್ಪನ ಪ್ರೆಸ್ಸಿನಲ್ಲಿ ಅಚ್ಚಿನ ಮೊಳೆ ಜೋಡಿಸುತ್ತಾ ಬೆಳೆದವನು ಅಲ್ವಾ, ನಿನಗೇ ಮೊದಲು ಬರೆಯೋಣ ಅನ್ನಿಸಿತು.

1885ರಲ್ಲಿ ಟೆಕ್ಸಾಸಿನ ಲರೇಡೋದಲ್ಲಿ ಹುಟ್ಟಿದವಳು. ಮೆಕ್ಸಿಕೋ ಗಡಿಯ ಊರು ಅದು. ಮೊದಲು ಮೇಷ್ಟರ ಕೆಲಸ ಮಾಡಿದಳು. ಮೆಕ್ಸಿಕನ್ ಮಕ್ಕಳ ಶಾಲೆಯಲ್ಲಿ ಪುಸ್ತಕ ಸಾಲದು, ಕೂರಲು ಕುರ್ಚಿಯೂ ಸಾಲದು. ಬೇಸತ್ತು ಬಿಟ್ಟು, ಅಪ್ಪ ನಿಕಾಸಿಯೋ ನಡೆಸುತ್ತಿದ್ದ 'ಲಾ ಕ್ರೋನಿಕಾ' ವಾರಪತ್ರಿಕೆ ಸೇರಿದಳು. 1910ರಲ್ಲಿ ಆಂಟೋನಿಯೋ ರೋಡ್ರಿಗಸ್ ಎಂಬ ಮೆಕ್ಸಿಕನ್ ಯುವಕನನ್ನು ಜನ ಗುಂಪುಗೂಡಿ ಜೀವಂತ ಸುಟ್ಟರು. ಇಂಥ ಕೊಲೆಗಳ ಬಗ್ಗೆ ಬಾಯಿ ಮುಚ್ಚಿಕೊಂಡು ಕೂರಲಿಲ್ಲ ಆ ಪತ್ರಿಕೆ. 1911ರಲ್ಲಿ ಹೆಂಗಸರ ಸಂಘವೊಂದು ಶುರುವಾಯಿತು, ಇವಳೇ ಮೊದಲ ಅಧ್ಯಕ್ಷೆ. ಬಡಮಕ್ಕಳಿಗೆ ಪುಕ್ಕಟೆ ಪಾಠ ಹೇಳುವುದು ಅವರ ಮೊದಲ ಕೆಲಸ.

1914ರಲ್ಲಿ 'ಎಲ್ ಪ್ರೊಗ್ರೆಸೊ' ಪತ್ರಿಕೆಯಲ್ಲಿ ಇದ್ದಳು. ಅಮೆರಿಕದ ಅಧ್ಯಕ್ಷ ವಿಲ್ಸನ್ ಮೆಕ್ಸಿಕೋ ಗಡಿಗೆ ಸೈನ್ಯ ಕಳಿಸಿದ್ದನ್ನು ಟೀಕಿಸಿ ಅದರಲ್ಲಿ ಸಂಪಾದಕೀಯ ಬಂತು. ಪ್ರೆಸ್ಸು ಮುಚ್ಚಿಸಲು ಆ ರಾಜ್ಯದ ಪೊಲೀಸ್ ಪಡೆಯಾದ ಟೆಕ್ಸಾಸ್ ರೇಂಜರ್‌ಗಳು ಬಂದರು. ಬಂದೂಕಿನವರು! ಇವಳು ಬಾಗಿಲಿಗೆ ಅಡ್ಡ ನಿಂತಳು. ಅವರು ವಾಪಸ್ ಹೋದರು.

ಎಲ್ಲರೂ ಕತೆಯನ್ನು ಇಲ್ಲಿಗೇ ನಿಲ್ಲಿಸುತ್ತಾರೆ. ನನ್ನ ಮನಸ್ಸು ಹಿಡಿದಿದ್ದು ಮಾತ್ರ ಮುಂದಿನದು. ಇವಳಿಲ್ಲದ ಹೊತ್ತು ನೋಡಿ ರೇಂಜರ್‌ಗಳು ಮತ್ತೆ ಬಂದು ಯಂತ್ರ ಒಡೆದು ಹಾಕಿದರು. ಒಮ್ಮೆ ಒಂದು ಕೇಸ್ ಮೊಳೆ ಕೈತಪ್ಪಿ ಚೆಲ್ಲಿದ್ದಕ್ಕೆ ನಿಮ್ಮಪ್ಪ ಇಡೀ ದಿನ ನೆಲದ ಮೇಲೆ ಕೂತು ಹೆಕ್ಕಿದ್ದರು, ನೆನಪಿದೆಯಾ? ಇಲ್ಲಿ ಪ್ರೆಸ್ಸೇ ಪುಡಿಪುಡಿ. ಆದರೂ ಆ ಮನೆಯವರು ಪತ್ರಿಕೆ ಕೆಲಸ ಬಿಡಲಿಲ್ಲ. 1916ರಲ್ಲಿ ಲರೇಡೋದಲ್ಲೇ 'ಎವೊಲೂಸಿಯೋನ್' ಅಂತ ಇನ್ನೊಂದು ಹೊರಟಿತು.

ಮದುವೆಯಾದ ಮೇಲೆ ಸ್ಯಾನ್ ಆಂಟೋನಿಯೋಗೆ ಹೋದಳು. ಅಲ್ಲೂ ಪುಕ್ಕಟೆ ಶಿಶುವಿಹಾರ ನಡೆಸಿದಳು. ಆಸ್ಪತ್ರೆಯಲ್ಲಿ ಸ್ಪ್ಯಾನಿಷ್ ಮಾತ್ರ ಬಲ್ಲ ರೋಗಿಗಳ ಮಾತನ್ನು ಡಾಕ್ಟರಿಗೆ ದಾಟಿಸುತ್ತಿದ್ದಳು. 1946ರಲ್ಲಿ ತೀರಿಕೊಂಡಳು.

ನಾಣ್ಯವನ್ನು ಈ ಪತ್ರದ ಜೊತೆ ಇಟ್ಟಿದ್ದೇನೆ. ಭೂತಗನ್ನಡಿ ಹಿಡಿದು ನೋಡು. ಎಲ್ ಪ್ರೊಗ್ರೆಸೊ ಇದೆ, ಎವೊಲೂಸಿಯೋನ್ ಕೂಡ ಇದೆ.

ನಿನ್ನ,
ಶ್ರೀಧರ